ಸರಸಕ್ಕನಿಗೆ ಹೇಳಿಕೆ

ಪಾಣೆಮಂಗಳೂರಿನ ಆಸುಪಾಸಿನಲ್ಲಿ ಯಾರ ಮನೆಯಲ್ಲಿ ಮದುವೆ ಎಂಬುದು ಪುರೋಹಿತರಿಗಿಂತ ಮೊದಲು ತಿಳಿಯುವುದು ಸರಸಕ್ಕನಿಗೆ. ಆಕೆಯದು ಹಿಟ್ಟಿನ ಮಿಲ್ಲು, ಬದಿಯಲ್ಲೇ ಒಂದು ಎಣ್ಣೆಯ ಗಾಣ. ನಾಲ್ಕೇ ಜನರಿರುವ ಮನೆಯಿಂದ ಐದು ಕಿಲೋ ಹುರಿದ ಮೆಣಸು ಬಂತೆಂದರೆ ಅಲ್ಲಿ ಏನೋ ಕಾರ್ಯಕ್ರಮ ಹತ್ತಿರವಾಗಿದೆ ಎಂದರ್ಥ. ಅಕ್ಕಿ ಕಮ್ಮಿಯಾಗಿ ರಾಗಿ ಬರತೊಡಗಿದರೆ ಮನೆಯ ಯಜಮಾನರಿಗೆ ಸಕ್ಕರೆ ಕಾಯಿಲೆ. ಎರಡು ತಿಂಗಳು ಏನೂ ಬಾರದಿದ್ದರೆ ಅತ್ತೆಗೂ ಸೊಸೆಗೂ ಒಲೆ ಬೇರೆಯಾಗಿ ಇಬ್ಬರೂ ಪ್ಯಾಕೆಟ್ ಹಿಟ್ಟಿಗೆ ಇಳಿದಿದ್ದಾರೆ. ಇಷ್ಟೆಲ್ಲ ಗೊತ್ತಿದ್ದೂ ಸರಸಕ್ಕ ಇವತ್ತಿನವರೆಗೆ ಹೇಳಿಕೆಯಿಲ್ಲದೆ ಒಂದು ಊಟಕ್ಕೂ ಹೋದವಳಲ್ಲ.

ಹೇಳಿಕೆ ಎಂದರೆ ಪೇಪರಿನಲ್ಲಿ ಬರುವ ಮಂತ್ರಿಗಳದ್ದಲ್ಲ. ಈ ಕಡೆ, ಮನೆಗೆ ಬಂದು, ಕುಳಿತು, ಕೊಟ್ಟ ಬೆಲ್ಲ ನೀರು ಕುಡಿದು, ‘ಇಂಥ ದಿನ, ಇಂಥ ಕಡೆ ಕಾರ್ಯಕ್ರಮ, ಮನೆಯವರೆಲ್ಲ ಮುಂಚಿತವಾಗಿ ಬಂದು ಸುಧಾರಿಸಿಕೊಡಬೇಕು’ ಎಂದು ಬಾಯಿಬಿಟ್ಟು ಕರೆಯುವುದಕ್ಕೆ ಹೇಳಿಕೆ ಎನ್ನುತ್ತಾರೆ. ಕಾರ್ಡು ಅದರ ಬಾಲ. ಕಾರ್ಡು ಇಲ್ಲದಿದ್ದರೂ ನಡೆಯುತ್ತದೆ, ಹೇಳಿಕೆ ಇಲ್ಲದಿದ್ದರೆ ನಡೆಯುವುದಿಲ್ಲ. “ಗೊತ್ತಾಗುವುದು ಬೇರೆ, ಹೇಳುವುದು ಬೇರೆ” ಎಂಬುದು ಸರಸಕ್ಕನ ಮಾತು. ಆಕೆಗೆ ಅರವತ್ತೆಂಟು ವರ್ಷ. ಅಷ್ಟು ವರ್ಷವೂ ಈ ಮಾತಿನಿಂದ ಒಂದಿಂಚು ಅಲ್ಲಾಡಿಲ್ಲ.

ಇದರ ದೊಡ್ಡ ಪೆಟ್ಟು ತಿಂದವನು ಆಕೆಯ ಒಡಹುಟ್ಟಿದ ತಮ್ಮ ಚಿನ್ನಯ್ಯ. ಮಸ್ಕತ್ತಿನಲ್ಲಿ ಇಪ್ಪತ್ತೈದು ವರ್ಷ ದುಡಿದು ಬಂದು, ಮೂಡುಬಿದಿರೆಯ ಹತ್ತಿರ ತೋಡಾರಿನಲ್ಲಿ ಮನೆ ಕಟ್ಟಿಸಿದವನು, ಒಕ್ಕಲಿಗೆ, ಎಂದರೆ ಗೃಹಪ್ರವೇಶಕ್ಕೆ, ಅಕ್ಕನನ್ನು ಕರೆದದ್ದು ವಾಟ್ಸಾಪಿನಲ್ಲಿ. ಕಾರ್ಡಿನ ಫೋಟೋ, ಅದರ ಕೆಳಗೆ ‘ಅಕ್ಕ, ತಪ್ಪದೆ ಬನ್ನಿ’ ಎಂಬ ಒಂದು ಸಾಲು, ಎರಡು ಕೈ ಮುಗಿದ ಗೊಂಬೆ. ಸರಸಕ್ಕ ಹೋಗಲಿಲ್ಲ. ಅಕ್ಕ ಬರಲಿಲ್ಲವೆಂದು ತಮ್ಮ ಮುನಿಸಿಕೊಂಡ. ಪಾಣೆಮಂಗಳೂರಿನಿಂದ ತೋಡಾರಿಗೆ ಬಸ್ಸಿನಲ್ಲಿ ಹೆಚ್ಚೆಂದರೆ ಒಂದೂವರೆ ಗಂಟೆಯ ದಾರಿ. ಆ ದಾರಿಯಲ್ಲಿ ಈ ಇಬ್ಬರೂ ಏಳು ವರ್ಷ ಒಬ್ಬರ ಕಡೆಗೆ ಒಬ್ಬರು ಬರಲಿಲ್ಲ.

ಈ ಕಥೆಯನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವಳು ವಿಜೇತಾ. ಹಾಗಿದ್ದೂ ಚಿನ್ನಯ್ಯ ಮಾವ ಮಾಡಿದ ತಪ್ಪನ್ನೇ ಅವಳು ಮೂರು ವರ್ಷ ಮಾಡಿದಳು. ಬುದ್ಧಿವಂತರ ತಪ್ಪುಗಳು ಹೀಗೇ ಇರುತ್ತವೆ, ಸ್ವಲ್ಪ ಉದ್ದ.

ವಿಜೇತಾ ಸರಸಕ್ಕನ ತಂಗಿಯ ಮಗಳು. ಅಪ್ಪ ಅಮ್ಮನದು ಮುಂಬಯಿಯಲ್ಲಿ ಹೋಟೆಲು. ಐದು ವರ್ಷದವಳಿರುವಾಗ ಶಾಲೆಗೆಂದು ಊರಿಗೆ ಬಂದವಳು ದೊಡ್ಡಮ್ಮನ ಮನೆಯಲ್ಲೇ ಉಳಿದಳು. ಈಗ ಮೂವತ್ತೊಂದು. ಶಾಲೆ ಬಿಟ್ಟ ಮೇಲೆ ಮಿಲ್ಲಿನ ಅಕ್ಕಿ ಮೂಟೆಯ ಮೇಲೆ ಕುಳಿತು ಹೋಂವರ್ಕ್ ಮಾಡುತ್ತಿದ್ದವಳು, ಪುಸ್ತಕದ ಕೊನೆಯ ಹಾಳೆಗಳಲ್ಲಿ ಬಂದುಹೋಗುವವರ ಚಿತ್ರ ಬರೆಯುತ್ತಿದ್ದಳು. ದೊಡ್ಡಮ್ಮ ಅದನ್ನು ನೋಡಿ ಬೈದದ್ದಿಲ್ಲ, ಹೊಗಳಿದ್ದೂ ಇಲ್ಲ. ಒಮ್ಮೆ ಮಾತ್ರ, ಚಿತ್ರದಲ್ಲಿ ಮಿಲ್ಲಿನ ಬೆಲ್ಟು ತಿರುವುಮುರುವಾಗಿ ಸುತ್ತಿಕೊಂಡಿದೆಯೆಂದು ತಿದ್ದಿದ್ದಳು.

ಈಗ ವಿಜೇತಾ ಬಿ.ಸಿ.ರೋಡಿನಲ್ಲಿ ಅಬ್ದುಲ್ ಹಕೀಮರ ಪ್ರಿಂಟಿಂಗ್ ಅಂಗಡಿಯಲ್ಲಿ ಆಮಂತ್ರಣ ಪತ್ರಿಕೆ ಡಿಸೈನು ಮಾಡುತ್ತಾಳೆ. ಗಣಪತಿ, ಕಳಶ, ಚಂದ್ರ, ಶಿಲುಬೆ ಯಾವುದು ಬೇಕಾದರೂ ಅವಳ ಕಂಪ್ಯೂಟರಿನಲ್ಲಿ ಉಂಟು. ಮೂರು ವರ್ಷದ ಹಿಂದೆ ಹಕೀಮರು ಅಂಗಡಿಗೆ ಪೆನ್ನಿನಲ್ಲಿ ಬರೆಯುವ ಟ್ಯಾಬ್ಲೆಟ್ ತರಿಸಿದರು. ಗಿರಾಕಿಯಿಲ್ಲದ ಒಂದು ಮಧ್ಯಾಹ್ನ ವಿಜೇತಾ ಅದರ ಮೇಲೆ ಒಬ್ಬ ಹೆಂಗಸನ್ನು ಬರೆದಳು. ತಲೆಗೆ ಬೈರಾಸು ಟವೆಲು ಕಟ್ಟಿದ, ರೆಪ್ಪೆಯ ಮೇಲೂ ಹಿಟ್ಟು ಕುಳಿತ, ಸೊಂಟಕ್ಕೆ ಕೈ ಕೊಟ್ಟು ನಿಂತ ಹೆಂಗಸು. ಎದುರಿಗೆ ಗಿರಾಕಿ: “ಅಕ್ಕಿ ಐದು ಕಿಲೋ ಕೊಟ್ಟದ್ದು. ಹಿಟ್ಟು ಕಮ್ಮಿ ಉಂಟಲ್ಲ, ಉಳಿದದ್ದು ಎಲ್ಲಿ?” ಹೆಂಗಸು: “ನನ್ನ ತಲೆ ಮೇಲೆ ನೋಡಿ.” ಹೆಂಗಸಿಗೆ ಕುಸುಮಕ್ಕ ಎಂದು ಹೆಸರಿಟ್ಟಳು. ಕುಸುಮಕ್ಕ ಯಾರೆಂದು ಅವಳು ಯಾರಿಗೂ ಹೇಳಲಿಲ್ಲ.

ಚಿತ್ರ ಬರೆಯುವುದು ಸುಲಭ, ಎಲ್ಲಿ ಹಾಕುವುದು ಎನ್ನುವುದೇ ಕಷ್ಟ. ವಿಜೇತಾ ಒಂದೊಂದೇ ಕಡೆ ಹೋಗಿ ಇಣುಕಿ ಬಂದಳು. ಫೇಸ್‌ಬುಕ್ಕಿನಲ್ಲಿ ಮುಂಬಯಿ, ದುಬೈಯ ನೆಂಟರೆಲ್ಲ ಇದ್ದಾರೆ. ಅಲ್ಲಿ ಒಂದು ಬೆಕ್ಕಿನ ಚಿತ್ರ ಹಾಕಿ ನೋಡಿದರೆ ಕೆಳಗೆ ‘ಮದುವೆ ಯಾವಾಗ?’ ಎಂದು ನಾಲ್ಕು ಜನ ಕೇಳಿದ್ದರು. ಉದ್ದಕ್ಕೆ ಕೆಳಗಿಳಿಸುತ್ತಾ ಓದುವ ಕಾಮಿಕ್ಸ್ ತಾಣವೊಂದಿತ್ತು. ಅಲ್ಲಿ ಕನ್ನಡ ಓದುವವರು ಒಂಬತ್ತು ಮಂದಿ ಸಿಕ್ಕಿದರು, ಅದರಲ್ಲಿ ಮೂರು ಸಲ ನೋಡಿದ್ದು ಅವಳೇ. ವಾಟ್ಸಾಪ್ ಸ್ಟೇಟಸ್ ಒಂದು ದಿನಕ್ಕೆ ಮಾಯವಾಗುತ್ತದೆ, ಮೇಲಾಗಿ ಯಾರು ನೋಡಿದರು, ಯಾರು ನೋಡಿಯೂ ಸುಮ್ಮನಿದ್ದರು ಎಂಬ ಪಟ್ಟಿ ಎದುರಿಗೇ ಇರುತ್ತದೆ. ಕುಟುಂಬದ ಗುಂಪಿನಲ್ಲಂತೂ ನಲವತ್ತಮೂರು ಜನ, ಅದರಲ್ಲಿ ಒಬ್ಬಳು ದೊಡ್ಡಮ್ಮ.

ಕೊನೆಗೆ ಕುಸುಮಕ್ಕ ಹೋಗಿ ನಿಂತದ್ದು ಇನ್‌ಸ್ಟಾಗ್ರಾಮಿನಲ್ಲಿ. ಚೌಕದಲ್ಲಿ ಒಂದೇ ಚಿತ್ರ. ನಾಲ್ಕು ಚಿತ್ರ ಒಟ್ಟಿಗೆ ತುರುಕಿದರೆ ಕನ್ನಡದ ಒತ್ತಕ್ಷರಗಳು ಫೋನಿನಲ್ಲಿ ಇರುವೆಯಷ್ಟಾಗುತ್ತವೆ, ಒಂದೊಂದಾಗಿ ಸರಿಸಿದರೆ ದೊಡ್ಡದಾಗಿ ಕಾಣುತ್ತವೆ. ಕೊನೆಯ ಮಾತು ಬೆರಳು ಸರಿಸುವ ತನಕ ಅಡಗಿರುತ್ತದೆ, ಆದ್ದರಿಂದ ನಗು ಸರಿಯಾದ ಹೊತ್ತಿಗೆ ಬರುತ್ತದೆ. ಬೆಳ್ತಂಗಡಿಯ ಒಂದು ಕಾಲೇಜಿನವರು ಕರೆದಾಗ ಅವಳು ಇದನ್ನೆಲ್ಲ ಚೆನ್ನಾಗಿ ವಿವರಿಸಿದಳು. ತಾನೂ ಕಾಮಿಕ್ಸ್ ಬರೆಯುವ ಪ್ರಾಪ್ತಿ ಎಂಬ ಹುಡುಗಿ ಎಲ್ಲವನ್ನೂ ಬರೆದುಕೊಂಡು, “ಒಂದೇ ಕಾರಣ ಹೇಳಿ ಅಂದರೆ ಯಾವುದು ಹೇಳ್ತೀರಿ, ಅಕ್ಕ?” ಎಂದು ಕೇಳಿದಳು. “ಚೌಕ” ಎಂದಳು ವಿಜೇತಾ.

ನಿಜವಾದ ಕಾರಣ ಚೌಕವಲ್ಲ. ದೊಡ್ಡಮ್ಮನ ಫೋನಿನಲ್ಲಿ ಇನ್‌ಸ್ಟಾಗ್ರಾಂ ಇರಲಿಲ್ಲ. ಇಷ್ಟೇ. ಮೂರು ವರ್ಷದಲ್ಲಿ ನಲವತ್ತೊಂದು ಸಾವಿರ ಜನ ಕುಸುಮಕ್ಕನ ಹಿಂದೆ ಬಂದರು. ಎಲ್ಲೋ ಬೀದರಿನಲ್ಲಿ ಕುಳಿತವರು ಅವಳ ಮಾತಿಗೆ ನಗುತ್ತಿದ್ದರು. ಗೋಡೆಯ ಆಚೆ ಕೋಣೆಯಲ್ಲಿ ಮಲಗುವ ಸರಸಕ್ಕನಿಗೆ ಮಾತ್ರ ತಾನು ಇಷ್ಟು ಜನರ ಮನೆಗೆ ಹೋಗಿ ಬರುತ್ತಿದ್ದೇನೆಂದು ಗೊತ್ತಿರಲಿಲ್ಲ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ವಿಜೇತಾ ನೆಮ್ಮದಿಯಾಗಿದ್ದಳು.

ಆದರೆ ಇನ್‌ಸ್ಟಾಗ್ರಾಮಿಗೂ ವಾಟ್ಸಾಪಿಗೂ ನಡುವೆ ಇರುವುದು ಗೋಡೆಯಲ್ಲ, ತಡಿಕೆಯ ಬೇಲಿ. ಯಾರೋ ಪುಣ್ಯಾತ್ಮರು ಮೂವತ್ತೆಂಟನೆಯ ಕಂತಿನ ನಾಲ್ಕೂ ಚಿತ್ರಗಳನ್ನು ಜೋಡಿಸಿ ಒಂದು ಮಾಡಿ, ಮೂಲೆಯಲ್ಲಿದ್ದ ಸಹಿ ಕತ್ತರಿಸಿ, ಹೊರಗೆ ಬಿಟ್ಟರು. ಅದು ಗುಂಪಿನಿಂದ ಗುಂಪಿಗೆ ಹಾರಿ ಪಾಣೆಮಂಗಳೂರಿನ ಸ್ವಸಹಾಯ ಸಂಘದ ಗುಂಪಿಗೆ ಬಂದಿಳಿಯಿತು. ಒಂದು ಗುರುವಾರ ಬೆಳಗ್ಗೆ ಅಕ್ಕಿ ಹಿಡಿದು ಬಂದ ಕಾಂತಿ ನಗುತ್ತ ಫೋನು ಚಾಚಿದಳು. “ಸರಸಕ್ಕ, ಇದು ನೀವೇ ಅಲ್ವಾ?”

ಚಿತ್ರದಲ್ಲಿ ಒಬ್ಬ ಹೆಂಗಸು ಬುಧವಾರ ಮೆಣಸು ತಂದಿದ್ದಾಳೆ. “ಇವತ್ತು ಒಂದು ದಿನ ಮಾಡಿಕೊಡಿ, ಗಂಡನ ಕಡೆಯವರು ಬರ್ತಾರೆ.” ಕುಸುಮಕ್ಕನ ಉತ್ತರ: “ಗಂಡನ ಕಡೆಯವರು ಬುಧವಾರ ಬರುವುದಾದರೆ ಖಾರ ಮಂಗಳವಾರವೇ ತಯಾರಿರಬೇಕು.” ಹಿಂದಿನ ಗೋಡೆಯಲ್ಲಿ ಒಂದು ಬೋರ್ಡು: ‘ಮೆಣಸು ಮಂಗಳವಾರ ಮತ್ತು ಶುಕ್ರವಾರ ಮಾತ್ರ.’ ವಿಜೇತಾ ಹೆಸರು ಬದಲಿಸಿದ್ದಳು, ಸೀರೆಯ ಬಣ್ಣ ಬದಲಿಸಿದ್ದಳು. ಬೋರ್ಡು ಬದಲಿಸಲು ಮರೆತಿದ್ದಳು. ಹತ್ತನೇ ಕ್ಲಾಸಿನಲ್ಲಿರುವಾಗ ಆ ಬೋರ್ಡು ಬರೆದದ್ದು ಅವಳೇ. ಕೈ ಅದನ್ನು ತಾನಾಗಿ ಬರೆದುಬಿಟ್ಟಿತ್ತು.

ಸರಸಕ್ಕ ಚಿತ್ರ ನೋಡಿದಳು, ತಲೆಯೆತ್ತಿ ಗೋಡೆಯ ಬೋರ್ಡು ನೋಡಿದಳು. “ಮೆಣಸು ತಂದವಳು ನೀನು” ಎಂದಳು ಕಾಂತಿಗೆ. ಕಾಂತಿಯ ನಗು ಅರ್ಧಕ್ಕೆ ನಿಂತಿತು. ಅದು ಅವಳಿಗೆ ಹೊಳೆದೇ ಇರಲಿಲ್ಲ. ಸರಸಕ್ಕ ಫೋನು ಹಿಂದೆ ಕೊಟ್ಟು, ಅಕ್ಕಿ ಹುಯ್ದು, ಸ್ವಿಚ್ಚು ಹಾಕಿದಳು.

ಸಂಜೆ ವಿಜೇತಾ ಬಂದಾಗ ಮೇಜಿನ ಮೇಲೆ ಊಟ ಮುಚ್ಚಿಟ್ಟಿತ್ತು. ಮನೆಯಲ್ಲಿ ಅವರಿಬ್ಬರ ಮಾತು ತುಳುವಿನಲ್ಲಿ. ಕನ್ನಡ ಏನಿದ್ದರೂ ಬ್ಯಾಂಕಿನವರಿಗೆ, ಕರೆಂಟಿನವರಿಗೆ. ಅವತ್ತು ಸರಸಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತು, ಶಾಲೆಯ ಪಾಠದಂಥ ಕನ್ನಡದಲ್ಲಿ ಹೇಳಿದಳು: “ಊಟ ಬಡಿಸಿ ಇಟ್ಟಿದ್ದೇನೆ. ತಾವು ಊಟ ಮಾಡಬಹುದು.”

ಇಪ್ಪತ್ತಾರು ವರ್ಷದಲ್ಲಿ ದೊಡ್ಡಮ್ಮ ವಿಜೇತಾಳಿಗೆ ಎರಡೇ ಸಲ ಕೈ ಮಾಡಿದ್ದಳು. ‘ತಾವು’ ಎಂದದ್ದು ಇದೇ ಮೊದಲು.

ಕಾಂತಿಯಿಂದ ವಿಷಯ ತಿಳಿದ ಕೂಡಲೇ ಅವಳು ಮೂವತ್ತೆಂಟು ಕಂತುಗಳನ್ನೂ ಯಾರಿಗೂ ಕಾಣದಂತೆ ತೆಗೆದಿಟ್ಟಳು. ಕದ್ದು ಹಾಕಿದ್ದನ್ನು ಕದ್ದೇ ತೆಗೆದಳು. ಇದರಿಂದ ಏನು ಆಗುತ್ತದೆ? ಕುಸುಮಕ್ಕ ಎಲ್ಲಿ ಹೋದಳೆಂದು ನೂರಾರು ಜನ ಕೇಳಿದರು. ಸರಸಕ್ಕನಿಗೆ ತೆಗೆದದ್ದೂ ಗೊತ್ತಾಗಲಿಲ್ಲ. ಒಂಬತ್ತು ದಿನ ಮನೆಯಲ್ಲಿ ಶುದ್ಧ ಕನ್ನಡ ನಡೆಯಿತು. “ಬಿಸಿನೀರು ಸಿದ್ಧವಾಗಿದೆ.” “ಬಾಗಿಲು ಭದ್ರಪಡಿಸಿ.” ವಿಜೇತಾಳಿಗೆ ನಗು ಬರಬೇಕಿತ್ತು. ಬರಲಿಲ್ಲ. ಅವಳ ತಲೆಯಲ್ಲಿ ಒಂದೇ ಲೆಕ್ಕ: ಮಾವನಿಗೆ ಏಳು ವರ್ಷವಾಯಿತು. ತನಗೆ ಎಷ್ಟು?

ಹತ್ತನೆಯ ದಿನ ಅಂಗಡಿಯಲ್ಲಿ ಅವಳು ಒಂದೇ ಕಾರ್ಡಿಗೆ ವರನ ಹೆಸರು ಎರಡು ಕಡೆ ಹಾಕಿದ್ದನ್ನು ಕಂಡ ಹಕೀಮರು ಕುರ್ಚಿ ಎಳೆದು ಕುಳಿತರು. ಅವಳು ಎಲ್ಲ ಹೇಳಿದಳು. ಕೊನೆಗೆ, “ಅವರಿಗೆ ಚಿತ್ರ ಇಷ್ಟ ಆಗಲಿಲ್ಲ ಹಕೀಮಣ್ಣ, ನಿಲ್ಲಿಸಿಬಿಡ್ತೇನೆ” ಎಂದಳು.

“ಚಿತ್ರ ಇಷ್ಟ ಆಗಲಿಲ್ಲ ಅಂತ ಅವರು ಹೇಳಿದರಾ?”

“ಇಲ್ಲ.”

“ಹಾಗಾದರೆ ಅದನ್ನು ನೀನೇ ಯಾಕೆ ಹೇಳ್ತಿ ಮಾರಾಯ್ತಿ?” ಹಕೀಮರು ಎದುರಿಗಿದ್ದ ಕಾರ್ಡಿನ ರಾಶಿಯನ್ನು ತಟ್ಟಿದರು. “ಮೂವತ್ತು ವರ್ಷದಿಂದ ಇದನ್ನು ಹೊಡೆದು ಹೊಡೆದು ಕೊಡ್ತಾ ಇದ್ದೇನೆ. ಆದರೆ ಕಾರ್ಡು ನೋಡಿ ಯಾರೂ ಮದುವೆಗೆ ಬರುವುದಿಲ್ಲ. ಹೇಳಿದ್ದಕ್ಕೆ ಬರುವುದು. ನನ್ನ ಮಗಳ ಮದುವೆಗೆ ನಿನ್ನ ದೊಡ್ಡಮ್ಮನಿಗೆ ಹೇಳಲು ಹೋಗಿದ್ದೆ. ಮನೆಯ ತನಕ ಹೋಗಿ ನೋಡಿದರೆ ಕಾರ್ಡು ಅಂಗಡಿಯಲ್ಲೇ ಬಾಕಿ. ಕಾರ್ಡಿನ ಅಂಗಡಿಯವನು, ನಾಚಿಕೆ ಆಯ್ತು. ‘ಬಾಯಲ್ಲಿ ಹೇಳಿ, ಸಾಕು’ ಅಂದರು. ಮದುವೆಗೆ ಎಲ್ಲರಿಗಿಂತ ಮೊದಲು ಬಂದಿದ್ದಾರೆ, ಎರಡು ಕೈಯಲ್ಲಿ ಎರಡು ಕ್ಯಾನು ತೆಂಗಿನೆಣ್ಣೆ ಹಿಡಿದುಕೊಂಡು.”

ವಿಜೇತಾ ಅವತ್ತೇ ಮೂವತ್ತೆಂಟು ಕಂತುಗಳನ್ನೂ ದಪ್ಪ ಕಾಗದದ ಮೇಲೆ ಪ್ರಿಂಟು ತೆಗೆದಳು.

ಭಾನುವಾರ ಮಿಲ್ಲಿಗೆ ರಜೆ. ಬೆಳಗ್ಗೆ ಒಂಬತ್ತಕ್ಕೆ ವಿಜೇತಾ ಸೀರೆ ಉಟ್ಟು, ಪ್ರಿಂಟುಗಳನ್ನು ಚೀಲದಲ್ಲಿ ಹಾಕಿಕೊಂಡು, ಹಿಂದಿನ ಬಾಗಿಲಿನಿಂದ ಹೊರಬಿದ್ದು, ಬಾವಿಯ ಬದಿಯಿಂದ ಸುತ್ತು ಹಾಕಿ ಮುಂದಿನ ಮೆಟ್ಟಿಲ ಹತ್ತಿರ ಬಂದು ನಿಂತಳು. ಚಪ್ಪಲಿ ಕಳಚಿದಳು. “ದೊಡ್ಡಮ್ಮ, ಮನೆಯಲ್ಲಿ ಇದ್ದೀರಾ?”

ಸರಸಕ್ಕ ಕಿಟಕಿಯಿಂದ ಇದನ್ನೆಲ್ಲ ನೋಡುತ್ತಿದ್ದಳು. ಈಗ ಏನು ಮಾಡುವುದು? ಮನೆಯ ಮಗಳ ಮೇಲೆ ಮುನಿಸಿಕೊಳ್ಳಬಹುದು. ಹೇಳಿಕೆಗೆಂದು ಮೆಟ್ಟಿಲಲ್ಲಿ ನಿಂತವರ ಮೇಲೆ ಮುನಿಸಿಕೊಂಡರೆ ಅದು ಸಂಪ್ರದಾಯವಲ್ಲ. ಆಕೆ ಬಾಗಿಲು ತೆರೆದಳು. “ಬನ್ನಿ, ಕುಳಿತುಕೊಳ್ಳಿ” ಎಂದಳು ಗಂಟಿಕ್ಕಿದ ಮುಖದಲ್ಲಿ. ಒಳಗೆ ಹೋಗಿ ಒಂದು ಲೋಟ ನೀರು, ಸಣ್ಣ ತಟ್ಟೆಯಲ್ಲಿ ಬೆಲ್ಲದ ತುಂಡು ತಂದಿಟ್ಟಳು. ವಿಜೇತಾ ಬೆಲ್ಲ ಬಾಯಿಗೆ ಹಾಕಿಕೊಂಡು ನೀರು ಕುಡಿದಳು.

“ಮೂರು ವರ್ಷದಿಂದ ನಿಮ್ಮ ಚಿತ್ರ ಬರೀತಾ ಇದ್ದೇನೆ, ದೊಡ್ಡಮ್ಮ. ನಿಮಗೆ ಹೇಳದೆ. ಇದು ತಪ್ಪು. ಊರಿಗೆಲ್ಲ ಹೇಳಿದೆ, ನಿಮಗೆ ಹೇಳಲಿಲ್ಲ.” ಚೀಲದಿಂದ ಪ್ರಿಂಟುಗಳನ್ನು ತೆಗೆದು ಮುಂದಿಟ್ಟಳು. “ಇನ್ನು ಮುಂದೆ ನೀವು ಮುಂಚಿತವಾಗಿ ನೋಡಿ ಸುಧಾರಿಸಿಕೊಡಬೇಕು. ನೀವು ಬೇಡ ಅಂದರೆ ಬೇಡ.”

ಸರಸಕ್ಕ ಕನ್ನಡಕ ಹಾಕಿಕೊಂಡು ಒಂದೊಂದೇ ಹಾಳೆ ತಿರುವಿದಳು. ಅವಸರವಿರಲಿಲ್ಲ. ಹಾಳೆಗಳನ್ನು ಎರಡು ಪಾಲು ಮಾಡುತ್ತ ಹೋದಳು. ‘ತಲೆ ಮೇಲೆ ನೋಡಿ’ ಬಂದಾಗ ಹೊಟ್ಟೆ ಕುಲುಕಿತು, ಆದರೆ ಸದ್ದು ಬರಗೊಡಲಿಲ್ಲ. ಮದುವೆ ಬ್ರೋಕರು ಯಾವುದೋ ಹುಡುಗಿ ಹೇಗೆಂದು ವಿಚಾರಿಸಲು ಬಂದಾಗ ಕುಸುಮಕ್ಕ, “ಹುಡುಗಿ ನನಗೆ ಗೊತ್ತಿಲ್ಲ, ಆ ಮನೆಯ ಅಕ್ಕಿಯಲ್ಲಿ ಕಲ್ಲು ಇರುವುದಿಲ್ಲ” ಎಂದ ಚಿತ್ರವನ್ನು ಎರಡು ಸಲ ಓದಿದಳು.

“ನನ್ನ ಮೂಗು ಇಷ್ಟು ದೊಡ್ಡದಾ?” ಎಂದು ಕೊನೆಗೆ ಕೇಳಿದಳು. ತುಳುವಿನಲ್ಲಿ.

ವಿಜೇತಾಳಿಗೆ ಅಳು ಬಂತು. ಸೆರಗಿನಲ್ಲಿ ಮುಖ ಒರೆಸಿಕೊಂಡಳು.

“ಇದನ್ನು ಎಲ್ಲಿ ಹಾಕಿದ್ದು?”

ವಿಜೇತಾ ಹೇಳಿದಳು.

“ವಾಟ್ಸಾಪಿಗೆ ಯಾಕೆ ಹಾಕಲಿಲ್ಲ? ನಾನು ಅದರಲ್ಲಿ ಇದ್ದೇನಲ್ಲ.”

“ಅಲ್ಲಿ ಚೌಕ ಸರಿಯಾಗಿ—”

“ಸುಳ್ಳು ಹೇಳಬೇಡ.”

“ನೀವು ನೋಡ್ತೀರಿ ಅಂತ ಹೆದರಿಕೆ” ಎಂದಳು ವಿಜೇತಾ. “ನೋಡಿ ಬೇಡ ಅಂದುಬಿಟ್ಟರೆ ನಿಲ್ಲಿಸಬೇಕಾಗ್ತದಲ್ಲ. ನನಗೆ ಇದು ಬಿಟ್ಟರೆ ಬೇರೆ ಏನೂ ಚೆನ್ನಾಗಿ ಬರುವುದಿಲ್ಲ, ದೊಡ್ಡಮ್ಮ.”

ಸರಸಕ್ಕ ಹಾಳೆಗಳನ್ನು ಜೋಡಿಸಿ ಮೊಣಕಾಲ ಮೇಲೆ ಕುಟ್ಟಿ ಸರಿಮಾಡಿದಳು. “ಬೇಡ ಅನ್ನುತ್ತಿದ್ದೆನೋ ಏನೋ. ಕೇಳಿದ್ದರೆ ಗೊತ್ತಾಗ್ತಿತ್ತು. ನಗಾಡಿದರೆ ನನಗೇನು, ಮಿಲ್ಲಿನಲ್ಲಿ ದಿನಾ ನಗಾಡುವುದಿಲ್ಲವಾ? ನನ್ನ ವಿಷಯ ನನಗೆ ಕಾಂತಿ ಹೇಳಬೇಕಾ?”

ಅವತ್ತಿನಿಂದ ಒಂದು ಕಟ್ಟಳೆಯಾಯಿತು, ಅದನ್ನು ಮಾಡಿದ್ದು ಸರಸಕ್ಕ. ಚಿತ್ರದಲ್ಲಿ ಯಾರು ಇದ್ದಾರೋ ಅವರಿಗೆ ಮೊದಲು ಹೇಳಿಕೆ. ಬಾಯಲ್ಲಿ, ಮುಖ ನೋಡಿ. ಅವರು ಆಗಲಿ ಎಂದ ಮೇಲೆ ಉಳಿದದ್ದು. ಮೊದಲ ಹೇಳಿಕೆ ಕಾಂತಿಗೆ ಹೋಯಿತು. ಅವಳು “ಹಾಕಿ, ಆದರೆ ಬುಧವಾರ ಬಂದದ್ದು ಗಂಡನ ಕಡೆಯವರಲ್ಲ, ನನ್ನ ತಮ್ಮ. ಅದನ್ನು ಸರಿ ಮಾಡಿ” ಎಂದಳು. ತೆಗೆದಿಟ್ಟ ಕಂತುಗಳು ಒಂದೊಂದಾಗಿ ಹಿಂದೆ ಬಂದವು. ಮೂವತ್ತೆಂಟರಲ್ಲಿ ಐದು ಬರಲಿಲ್ಲ, ಅವು ಸರಸಕ್ಕನ ಬೇಡದ ಪಾಲಿಗೆ ಸೇರಿದ್ದವು.

ಎಲ್ಲಿ ಹಾಕುವುದು ಎನ್ನುವುದೂ ಈಗ ಆಕೆಯ ಇಲಾಖೆ. ಮಿಲ್ಲಿನಲ್ಲಿ ಗಿರಾಕಿ ಇಲ್ಲದಾಗ ವಿಜೇತಾ ಫೋನಿನಲ್ಲಿ ಒಂದೊಂದೇ ತೋರಿಸಿದ್ದಳು. ಸರಸಕ್ಕ ಅದನ್ನು ತನ್ನ ಲೆಕ್ಕದಲ್ಲಿ ಅರ್ಥ ಮಾಡಿಕೊಂಡಳು. ಇನ್‌ಸ್ಟಾಗ್ರಾಂ ಎಂದರೆ ಬಸ್ಸಿನಲ್ಲಿ ಪಕ್ಕ ಕುಳಿತವರು, ಅವರೊಡನೆ ಏನು ಬೇಕಾದರೂ ಮಾತಾಡಬಹುದು, ಇಳಿದು ಹೋಗುತ್ತಾರೆ. ಫೇಸ್‌ಬುಕ್ ಎಂದರೆ ಮದುವೆ ಹಾಲಿನ ಊಟದ ಸಾಲು, ಎಲ್ಲ ನೆಂಟರೂ ಇರುತ್ತಾರೆ, ನೋಡಿ ಮಾತಾಡಬೇಕು. ವಾಟ್ಸಾಪ್ ಜಗಲಿ. “ಅತ್ತೆ ಸೊಸೆಯದ್ದು ಜಗಲಿಗೆ ಬೇಡ, ಬಸ್ಸಿಗೆ ಹಾಕು. ರಾಗಿಯದ್ದು ಊಟದ ಸಾಲಿಗೆ ಹಾಕು, ಆ ಮುಂಬಯಿಯವರಿಗೂ ಸಕ್ಕರೆ ಉಂಟು, ಓದಲಿ.” ವಿಜೇತಾ ಬೆಳ್ತಂಗಡಿಯ ಪ್ರಾಪ್ತಿಗೆ ಫೋನು ಮಾಡಿ, ಅವತ್ತು ತಾನು ಹೇಳಿದ್ದು ತಪ್ಪು, ಚೌಕವೆಲ್ಲ ಆಮೇಲಿನ ಮಾತು, ಯಾರು ನೋಡಬಾರದು ಎಂದು ನೀನು ಹೆದರುತ್ತೀ ಎಂಬುದನ್ನು ಮೊದಲು ನೋಡಿಕೋ ಎಂದಳು. ಪ್ರಾಪ್ತಿ ಅದನ್ನೂ ಬರೆದುಕೊಂಡಿರಬೇಕು.

ಮೂರು ತಿಂಗಳು ಹೀಗೆ ನಡೆಯಿತು. ಒಂದು ದಿನ ಎಣ್ಣೆಯ ಗಾಣ ತೊಳೆಯುತ್ತ ಸರಸಕ್ಕ ತಾನಾಗಿ ಹೇಳಿದಳು: “ಒಂದು ನೀನು ಬರೆಯಲಿಲ್ಲ.”

“ಯಾವುದು?”

“ಚಿನ್ನಯ್ಯನ ಒಕ್ಕಲಿನದ್ದು.”

ವಿಜೇತಾ ಕೈಯಲ್ಲಿದ್ದ ಫೋನು ಕೆಳಗಿಟ್ಟಳು. ಆ ಜಗಳದ ಕಥೆ ಅವಳಿಗೆ ಗೊತ್ತಿತ್ತು. ಗೊತ್ತಿಲ್ಲದ ಒಂದು ಸಂಗತಿಯನ್ನು ಸರಸಕ್ಕ ಅವತ್ತು ಹೇಳಿದಳು. ವಾಟ್ಸಾಪಿನಲ್ಲಿ ಆ ಫೋಟೋ ಬಂದ ದಿನವೇ ಆಕೆ ಒಳ್ಳೆಯ ಕೊಬ್ಬರಿ ಆರಿಸಿ ಹತ್ತು ಲೀಟರ್ ಎಣ್ಣೆ ತೆಗೆದು ಕ್ಯಾನಿಗೆ ತುಂಬಿಸಿ ಇಟ್ಟಿದ್ದಳು. ತಮ್ಮ ಬರುತ್ತಾನೆ, ಇದು ಬರೀ ಮುಂಚಿತವಾಗಿ ತಿಳಿಸಿದ್ದು ಎಂದುಕೊಂಡಿದ್ದಳು. ಹನ್ನೊಂದು ದಿನ, ಗೇಟಿನ ಸದ್ದಾದಾಗಲೆಲ್ಲ ಮಿಲ್ಲು ನಿಲ್ಲಿಸಿ ಕಿವಿಗೊಟ್ಟಳು. ಒಕ್ಕಲಿನ ಬೆಳಗ್ಗೆಯೂ, ವಿಜೇತಾ ಮನೆಯಿಂದ ಹೊರಟ ಮೇಲೆ, ಒಳ್ಳೆಯ ಸೀರೆ ಉಟ್ಟು ಕುಳಿತಿದ್ದಳು. ಆಗಲೂ ಬಂದು ಒಂದು ಮಾತು ಹೇಳಿದ್ದರೆ ಹಾಗೇ ಎದ್ದು ಹೋಗುತ್ತಿದ್ದಳು. “ಒಂಬತ್ತು ಗಂಟೆಗೆ ಆ ಸೀರೆ ಬಿಚ್ಚಿಟ್ಟು ಮಿಲ್ಲಿಗೆ ಬಂದೆ. ಶುಕ್ರವಾರ. ಮೆಣಸಿನ ಗಿರಾಕಿಗಳು ಇದ್ದರು. ಕಣ್ಣಲ್ಲಿ ನೀರು ಬಂದರೆ ಯಾರೂ ಕೇಳುವುದಿಲ್ಲ.”

ವಿಜೇತಾ ಇದನ್ನು ನಾಲ್ಕೇ ಚಿತ್ರದಲ್ಲಿ ಬರೆದಳು. ಗೇಟು. ಸೀರೆ ಉಟ್ಟು ಕುಳಿತ ಕುಸುಮಕ್ಕ. ಮೂಲೆಯಲ್ಲಿ ಎಣ್ಣೆಯ ಕ್ಯಾನು. ಕೊನೆಯದರಲ್ಲಿ ಮೆಣಸಿನ ಘಾಟಿನ ನಡುವೆ ಕಣ್ಣೊರೆಸಿಕೊಳ್ಳುವ ಕುಸುಮಕ್ಕ, ಅಷ್ಟೇ. ಒಂದಕ್ಷರ ಇರಲಿಲ್ಲ. ಅವಳು ಬರೆದದ್ದರಲ್ಲೆಲ್ಲ ಇದು ಒಳ್ಳೆಯದೆಂದು ಅವಳಿಗೂ ಗೊತ್ತಿತ್ತು.

“ಎಲ್ಲಿ ಹಾಕುವ?” ಎಂದು ಕೇಳಿದಳು. “ಕುಟುಂಬದ ಗುಂಪಿಗೆ ಹಾಕುವಾ? ಮಾವ ನೋಡ್ತಾರೆ.”

“ಗುಂಪಿಗಾ? ಅವನು ಮಾಡಿದ್ದನ್ನೇ ನಾನೂ ಮಾಡುವುದಾ?” ಎಂದ ಸರಸಕ್ಕನಿಗೆ ತಟ್ಟನೆ ತನ್ನದೇ ಕಟ್ಟಳೆ ನೆನಪಾಯಿತು. ಈ ಚಿತ್ರದಲ್ಲಿ ಚಿನ್ನಯ್ಯನ ಮುಖವಿಲ್ಲ, ಆದರೆ ನಾಲ್ಕು ಚೌಕದಲ್ಲೂ ಇರುವುದು ಅವನೇ. ಅವನಿಗೆ ಮೊದಲು ಹೇಳಬೇಕು.

“ನಾನು ಹೋಗಿ ಹೇಳಿ ಬರ್ತೇನೆ” ಎಂದಳು ವಿಜೇತಾ.

“ಚಿಕ್ಕವರು ಹೇಳಿದರೆ ಅದು ಸುದ್ದಿ, ಹೇಳಿಕೆ ಅಲ್ಲ.”

ಮೂರು ದಿನ ಸರಸಕ್ಕ ಆ ವಿಷಯ ಎತ್ತಲಿಲ್ಲ. ಕಟ್ಟಳೆ ಮುರಿದರೆ ಚಿತ್ರ ಕದ್ದು ಹಾಕಿದ ಹಾಗೆ. ಕಟ್ಟಳೆ ಉಳಿಸಿದರೆ, ಕರೆಯದ ಮನೆಯ ಮೆಟ್ಟಿಲು ಹತ್ತಬೇಕು. ಚಿತ್ರ ಹಾಕುವುದೇ ಬೇಡ ಎನ್ನಬಹುದಿತ್ತು, ವಿಜೇತಾ ಕೂಡ ಅದನ್ನೇ ನಿರೀಕ್ಷಿಸಿ ಹಾಳೆಯನ್ನು ಚೀಲದಲ್ಲಿಟ್ಟಿದ್ದಳು. ನಾಲ್ಕನೆಯ ದಿನ ಅಂಗಡಿಯಿಂದ ಬಂದಾಗ ಮಿಲ್ಲಿನ ಮೂಲೆಯಲ್ಲಿ ಹತ್ತು ಲೀಟರಿನ ಕ್ಯಾನು ಇತ್ತು, ಹೊಸ ಎಣ್ಣೆಯ ಪರಿಮಳ ಬರುತ್ತಿತ್ತು.

“ಕರೆಯದೆ ಊಟಕ್ಕೆ ಹೋಗಬಾರದು” ಎಂದಳು ಸರಸಕ್ಕ, ಯಾರೊಡನೆಯೋ ವಾದ ಮಾಡಿ ಗೆದ್ದವಳ ಹಾಗೆ. “ಹೇಳಿಕೆ ಹೇಳಲು ಹೋಗುವವರಿಗೆ ಯಾವ ಹೇಳಿಕೆ? ಎಲ್ಲಿಗೂ ಹೋಗಬಹುದು. ನಾಳೆ ನೀನು ರಜೆ ಹಾಕು.”

ಮರುದಿನ ಬಿ.ಸಿ.ರೋಡಿನಲ್ಲಿ ಬಸ್ಸು ಹತ್ತಿ, ಸಿದ್ಧಕಟ್ಟೆಯ ಮೇಲೆ ಮೂಡುಬಿದಿರೆಗೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ತೋಡಾರಿನಲ್ಲಿ ಇಳಿದರು. ದಾರಿಯುದ್ದಕ್ಕೂ ಸರಸಕ್ಕ ಕ್ಯಾನನ್ನು ಎರಡು ಕಾಲುಗಳ ನಡುವೆ ಹಿಡಿದು ಕುಳಿತಿದ್ದಳು. ಮನೆಯ ಗೇಟು ತೆರೆದಾಗ ಚಿನ್ನಯ್ಯ ಅಂಗಳದಲ್ಲಿ ಪೈಪು ಹಿಡಿದು ಕಾರು ತೊಳೆಯುತ್ತಿದ್ದ. ಅಕ್ಕನನ್ನು ಕಂಡವನು ನೀರು ನಿಲ್ಲಿಸುವುದನ್ನೂ ಮರೆತ.

“ನಾನು ಊಟಕ್ಕೆ ಬಂದದ್ದಲ್ಲ” ಎಂದಳು ಸರಸಕ್ಕ ಗೇಟಿನಿಂದಲೇ. “ಹೇಳಿಕೆ ಹೇಳಲು ಬಂದದ್ದು.”

ಜಗಲಿಯಲ್ಲಿ ಕುಳಿತರು. ಸರಸಕ್ಕ ಬೆನ್ನು ನೆಟ್ಟಗೆ ಮಾಡಿ, ಮದುವೆಗೆ ಕರೆಯುವ ಧಾಟಿಯಲ್ಲೇ ಹೇಳಿದಳು: “ವಿಜೇತಾ ಚಿತ್ರ ಬರೀತಾಳೆ. ಫೋನಿನಲ್ಲಿ ತುಂಬ ಜನ ನೋಡ್ತಾರೆ. ಮುಂದಿನ ಆದಿತ್ಯವಾರ ಹಾಕುವ ಚಿತ್ರದಲ್ಲಿ ನೀನು ಇದ್ದಿ. ಮೊದಲು ನೀನು ನೋಡಬೇಕು. ನೋಡಿ, ಆಗಬಹುದು ಅಂದರೆ ಹಾಕುವುದು.” ಹಾಳೆಯನ್ನು ಅವನ ಕೈಗೆ ಕೊಟ್ಟಳು.

ಚಿನ್ನಯ್ಯ ನೋಡಿದ. ಗೇಟು, ಸೀರೆ, ಕ್ಯಾನು, ಮೆಣಸು. ತಿರುಗಿ ಮೊದಲಿನಿಂದ ನೋಡಿದ. ಅವನ ಹೆಂಡತಿ ಒಳಗಿನಿಂದ ಬಂದು ಬಾಗಿಲಲ್ಲೇ ನಿಂತಳು.

“ನೀವು ತಯಾರಾಗಿ ಕುಳಿತಿದ್ದಿರಾ?” ಎಂದ ಕೊನೆಗೆ.

“ಒಂಬತ್ತು ಗಂಟೆಯವರೆಗೆ.”

“ನಾನು ಹೊರಗಿನವರಿಗೆಲ್ಲ ಮನೆ ಮನೆಗೆ ಹೋಗಿ ಹೇಳಿದೆ, ಅಕ್ಕ. ಅಷ್ಟು ದೂರದ ಕನ್ಯಾನದವರೆಗೆ ಹೋಗಿದ್ದೇನೆ. ನೀವು ಮನೆಯವರಲ್ವಾ? ಮನೆಯವರಿಗೆ ಯಾರಾದರೂ ಹೇಳಿಕೆ ಹೇಳ್ತಾರಾ ಅಂತ ನಾನು—” ಮಸ್ಕತ್ತಿನಲ್ಲಿ ಮೂವತ್ತು ಜನರನ್ನು ಆಳಿದವನು ಹಾಳೆಯನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡ.

ವಿಜೇತಾ ತಲೆ ತಗ್ಗಿಸಿದಳು. ಒಂದೇ ಮನೆಯಲ್ಲಿದ್ದುಕೊಂಡು ಅವಳೂ ಹಾಗೆಯೇ ಅಂದುಕೊಂಡಿದ್ದಳು.

“ಮನೆಯವರಿಗೇ ಮೊದಲು ಹೇಳುವುದು” ಎಂದಳು ಸರಸಕ್ಕ. ಸಿಟ್ಟಿನಿಂದ ಹೇಳಬೇಕೆಂದು ಏಳು ವರ್ಷ ಇಟ್ಟುಕೊಂಡ ಮಾತು, ಬರುವಾಗ ಮೆತ್ತಗೆ ಬಂತು.

ಚಿನ್ನಯ್ಯನ ಹೆಂಡತಿ ನೀರು ಬೆಲ್ಲ ತಂದಿಟ್ಟಳು. ಸರಸಕ್ಕ ಬೆಲ್ಲ ತೆಗೆದುಕೊಂಡಳು. ಚಿನ್ನಯ್ಯ ಮೂಗು ಒರೆಸಿಕೊಂಡು ಹಾಳೆಯನ್ನು ವಿಜೇತಾಳ ಕಡೆ ಚಾಚಿದ. “ಚೆನ್ನಾಗಿ ಬರೆದಿದ್ದಿ. ಎಲ್ಲಿ ಹಾಕ್ತೀ?”

ವಿಜೇತಾ ದೊಡ್ಡಮ್ಮನ ಮುಖ ನೋಡಿದಳು. ಇಲಾಖೆ ಅವರದ್ದು.

“ಹಾಕಬೇಕಾದಲ್ಲಿ ಹಾಕಿ ಆಯ್ತು” ಎಂದಳು ಸರಸಕ್ಕ. ನೀರನ್ನು ಪೂರ್ತಿ ಕುಡಿದು, ಲೋಟ ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು ಎದ್ದಳು. “ಆ ಎಣ್ಣೆ ಒಳಗೆ ಇಡು. ಮತ್ತೆ ಮನೆ ತೋರಿಸು, ನೋಡುವ. ಏಳು ವರ್ಷದಲ್ಲಿ ಪೈಂಟೆಲ್ಲ ಹೋಗಿರಬಹುದು.”